ಘಟ್ಟದ ನಡುವೆ ಟಯರ್ ಇಳಿದರೆ: ಟ್ಯೂಬ್‌ಲೆಸ್ ಪಂಕ್ಚರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಿಂದ ಕುಮಟಾಕ್ಕೆ ವಾರಕ್ಕೆ ಎರಡು ಸಲ ಬೈಕಿನಲ್ಲಿ ಹೋಗಿ ಬರುವವನು ನಾನು. ಮೆಕ್ಯಾನಿಕ್ ಅಲ್ಲ. ದೇವಿಮನೆ ಘಟ್ಟದಲ್ಲಿ ಒಮ್ಮೆ ಸರಿಯಾಗಿ ಸಿಕ್ಕಿಬಿದ್ದ ಮೇಲೆ ಪಂಕ್ಚರ್ ಕಿಟ್ ಇಟ್ಟುಕೊಂಡೇ ಓಡಾಡಲು ಶುರು ಮಾಡಿದೆ. ಈಗ ನೆಂಟರಿಷ್ಟರಲ್ಲಿ ಯಾರ ಟಯರ್ ಇಳಿದರೂ ನನಗೇ ಫೋನು. ಕೇಳುವುದೂ ಅವೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದು ಹಾಕುತ್ತಿದ್ದೇನೆ.

ನನ್ನ ಬೈಕಿನದು ಟ್ಯೂಬ್‌ಲೆಸ್ ಹೌದೋ ಅಲ್ಲವೋ, ಹೇಗೆ ಗೊತ್ತಾಗುತ್ತದೆ?

ಟ್ಯೂಬ್‌ಲೆಸ್ ಅಂದರೆ ಒಳಗೆ ಬೇರೆ ಟ್ಯೂಬ್ ಇಲ್ಲದೆ ಟಯರೇ ಗಾಳಿ ಹಿಡಿದಿಡುವುದು. ಟಯರಿನ ಪಕ್ಕದಲ್ಲಿ ಟ್ಯೂಬ್‌ಲೆಸ್ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿರುತ್ತಾರೆ. ಆದರೆ ಅದೊಂದನ್ನೇ ನಂಬಬೇಡಿ. ಟ್ಯೂಬ್‌ಲೆಸ್ ಟಯರಿನ ಒಳಗೆ ಟ್ಯೂಬ್ ತುರುಕಿ ಕೊಡುವವರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಬೈಕ್ ತೆಗೆದುಕೊಂಡವರಿಗೆ ಇದು ಗೊತ್ತೇ ಇರುವುದಿಲ್ಲ. ಗಾಳಿ ಹೊಡೆಯುವ ವಾಲ್ವಿನ ಬುಡ ನೋಡಿ. ದಪ್ಪ ರಬ್ಬರ್ ಬುಡ ರಿಮ್ಮನ್ನು ಕಚ್ಚಿಕೊಂಡು ಕೂತಿದ್ದರೆ ಟ್ಯೂಬ್‌ಲೆಸ್. ಉದ್ದಕ್ಕೂ ಲೋಹದ್ದೇ ಇದ್ದು, ಥ್ರೆಡ್ ಮೇಲೆ ಸಣ್ಣ ನಟ್ಟು ಬಿಗಿದಿದ್ದರೆ ಒಳಗೆ ಬಹುಶಃ ಟ್ಯೂಬ್ ಇದೆ. ಸ್ಪೋಕ್ ಚಕ್ರವಾದರೆ ಬಹುಪಾಲು ಟ್ಯೂಬೇ. ಟ್ಯೂಬ್ ಇದ್ದರೆ ಕೆಳಗೆ ಬರೆದದ್ದು ಯಾವುದೂ ಪ್ರಯೋಜನಕ್ಕೆ ಬರುವುದಿಲ್ಲ, ಚಕ್ರ ಬಿಚ್ಚಲೇಬೇಕು.

ಟಯರಿನಲ್ಲಿ ಮೊಳೆ ಕಂಡಿತು. ಕಿತ್ತು ಬಿಡಲಾ?

ಬೇಡ. ಇಡೀ ಪುಟದಲ್ಲಿ ಒಂದೇ ಸಾಲು ಓದುವುದಾದರೆ ಇದನ್ನೇ ಓದಿ. ಟ್ಯೂಬ್‌ಲೆಸ್ ಟಯರಿನಲ್ಲಿ ಚುಚ್ಚಿದ ಮೊಳೆಯೇ ಬಿರಡೆ. ಸುತ್ತಲಿನ ರಬ್ಬರು ಅದನ್ನು ಹಿಡಿದುಕೊಂಡಿರುತ್ತದೆ, ಗಾಳಿ ಸಣ್ಣಗೆ ಹೋಗುತ್ತಿರುತ್ತದೆ ಅಥವಾ ಹೋಗುವುದೇ ಇಲ್ಲ. ಕಿತ್ತ ಕ್ಷಣಕ್ಕೆ ಬುಸ್ ಅಂತ ಖಾಲಿ.

ನನ್ನ ಕಥೆಯೂ ಅದೇ. ಜುಲೈ ತಿಂಗಳು, ರಾಗಿಹೊಸಳ್ಳಿ ದಾಟಿ ಘಟ್ಟ ಇಳಿಯುತ್ತಿದ್ದೆ. ಹಿಂದಿನ ಚಕ್ರದಿಂದ ಟಿಕ್ ಟಿಕ್ ಸದ್ದು. ನಿಲ್ಲಿಸಿ ನೋಡಿದರೆ ತಗಡಿನ ಶೀಟಿಗೆ ಹೊಡೆಯುವ ಅಗಲ ತಲೆಯ ಮೊಳೆ. ಗಾಳಿ ಚೆನ್ನಾಗಿಯೇ ಇತ್ತು, ಸುಮ್ನೆ ನಿಧಾನಕ್ಕೆ ಇಳಿದಿದ್ದರೆ ಕತಗಾಲ ಮುಟ್ಟುತ್ತಿದ್ದೆ. ನಾನೋ ದೊಡ್ಡ ಜಾಣ, ಇಕ್ಕಳ ಹಾಕಿ ಎಳೆದುಬಿಟ್ಟೆ. ಆಮೇಲೆ ಕಿಟ್ ಬಿಚ್ಚಿದರೆ ತೂತಿಗೆ ತುರುಕುವ ರಬ್ಬರ್ ಬತ್ತಿ ಒಣಗಿ ಕಟ್ಟಿಗೆಯ ಹಾಗೆ ಆಗಿದೆ, ಅದಕ್ಕೆ ಸವರುವ ಅಂಟಿನ (ಸಲ್ಯೂಷನ್) ಟ್ಯೂಬಿನಲ್ಲಿ ಹನಿಯೂ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಒಂದೂವರೆ ತಾಸು ಮಳೆಯಲ್ಲಿ ನಿಂತ ಮೇಲೆ ಒಬ್ಬ ಲಾರಿಯವರು ನಿಲ್ಲಿಸಿ ಇಳಿದು ಬಂದರು. ಚಕ್ರ ನೋಡಿದರು, ನನ್ನ ಕೈಯಲ್ಲಿದ್ದ ಮೊಳೆ ನೋಡಿದರು. "ಕೈಯಲ್ಲಿ ಎಂತದೂ ಇಲ್ದೆ ಮೊಳೆ ಎಂತಕ್ಕೆ ಕಿತ್ತೆ ಮಾರಾಯಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಬೈಕ್ ಅಲ್ಲೇ ಬಿಟ್ಟು ಅವರ ಲಾರಿಯಲ್ಲೇ ಘಟ್ಟ ಇಳಿದೆ.

ಹಾಗಾಗಿ ಕ್ರಮ ಹೀಗೆ: ಗಾಳಿ ನಿಂತಿದೆಯಾ, ಊರು ಹತ್ತಿರ ಇದೆಯಾ, ಮೊಳೆ ಇದ್ದ ಹಾಗೇ ನಿಧಾನಕ್ಕೆ ಹೋಗಿ. ಇಳಿಯುತ್ತಿದೆ, ಪಂಪ್ ಇದೆ ಅಂದರೆ ಗಾಳಿ ತುಂಬಿಕೊಂಡು ಹೋಗಿ. ಅದೂ ಆಗದಿದ್ದರೆ ಮಾತ್ರ ಅಲ್ಲೇ ರಿಪೇರಿ, ಅದೂ ಬತ್ತಿ ಸೂಜಿಗೆ ಪೋಣಿಸಿ ಕೈಯಳತೆಯಲ್ಲಿ ಇಟ್ಟುಕೊಂಡ ಮೇಲೆಯೇ ಮೊಳೆಗೆ ಕೈ.

ಗಾಡಿ ಎಲ್ಲಿ ನಿಲ್ಲಿಸಬೇಕು?

ತಿರುವಿನಲ್ಲಿ ಅಲ್ಲ. ಅರಬೈಲ್ ಘಟ್ಟದಂಥ ಕಡೆ ಅದಿರು, ಕಂಟೇನರ್ ಅಂತ ಭಾರಿ ಲಾರಿಗಳು ಇಳಿಯುತ್ತಿರುತ್ತವೆ, ತಿರುವಿನ ಆಚೆ ನೀವು ಕುಕ್ಕುರುಗಾಲಿನಲ್ಲಿ ಕೂತಿರುವುದು ಅವರಿಗೆ ಕಾಣುವುದಿಲ್ಲ. ಟಯರ್ ಇಳಿದಿದ್ದರೂ ನೂರು ಹೆಜ್ಜೆ ತಳ್ಳಿಕೊಂಡು ನೇರ ರಸ್ತೆಗೆ ಬನ್ನಿ. ಗಾಡಿಯ ಹಿಂದೆ ಸ್ವಲ್ಪ ದೂರದಲ್ಲಿ ಒಂದು ಸೊಪ್ಪಿನ ಟೊಂಗೆ ಇಡಿ. ಹಸಿರು ಸೊಪ್ಪು ಕಂಡರೆ ಮುಂದೆ ಯಾರೋ ನಿಂತಿದ್ದಾರೆ ಅಂತ ನಮ್ಮ ಕಡೆಯ ಡ್ರೈವರುಗಳಿಗೆಲ್ಲ ಗೊತ್ತು. ಕಲ್ಲು ಇಡಬೇಡಿ. ಇಟ್ಟವರು ಹೋಗುವಾಗ ತೆಗೆಯುವುದಿಲ್ಲ, ರಾತ್ರಿ ಇನ್ನೊಬ್ಬ ಬೈಕಿನವನು ಅದಕ್ಕೇ ಹೋಗಿ ಹೊಡೆಯುತ್ತಾನೆ.

ಮಳೆಗಾಲದಲ್ಲಿ ರಸ್ತೆ ಪಕ್ಕದ ಮಣ್ಣು ಮೆತ್ತಗಾಗಿ ಸ್ಟ್ಯಾಂಡ್ ಹುಗಿದು ಗಾಡಿ ಮಗುಚುತ್ತದೆ. ಸ್ಟ್ಯಾಂಡಿನ ಅಡಿಗೆ ಚಪ್ಪಟೆ ಕಲ್ಲೋ ಚಿರೆಕಲ್ಲಿನ ಚೂರೋ ಕೊಡಿ. ತೋಟ ಪಕ್ಕದಲ್ಲೇ ಇದ್ದರೆ ಒಂದು ಅಡಿಕೆ ಹಾಳೆ ಎತ್ತಿಕೊಂಡು ಬನ್ನಿ, ಮೊಣಕಾಲು ಊರಲು ಅದಕ್ಕಿಂತ ಒಳ್ಳೆಯ ಚಾಪೆ ಇಲ್ಲ.

ಕಿಟ್‌ನಲ್ಲಿ ಏನೇನು ಇರಬೇಕು?

ಅಂಗಡಿಯ ಕಿಟ್ಟಿನಲ್ಲಿ ಎರಡು ಹಿಡಿಕೆಯ ಸಾಮಾನು ಬರುತ್ತದೆ: ಒಂದು ಅರದ ಹಾಗೆ ಒರಟಾಗಿರುವ ರೀಮರ್, ಇನ್ನೊಂದು ಕಣ್ಣಿರುವ ದೊಡ್ಡ ಸೂಜಿ. ಜೊತೆಗೆ ಅಂಟಂಟಾದ ಬತ್ತಿಗಳು, ಒಂದು ಸಣ್ಣ ಸಲ್ಯೂಷನ್. ಹಿಡಿಕೆ ಇಂಗ್ಲಿಷಿನ ಟಿ ಅಕ್ಷರದ ಹಾಗಿರುವುದನ್ನೇ ಆರಿಸಿ. ಸ್ಕ್ರೂಡ್ರೈವರ್ ತರಹದ ಹಿಡಿಕೆಯಾದರೆ ಅಂಗೈ ಸಿಪ್ಪೆ ಎದ್ದು ಹೋಗುತ್ತದೆ, ಪ್ಲಾಸ್ಟಿಕ್ಕಿನದು ಮುರಿದೇ ಹೋಗುತ್ತದೆ.

ಇದಕ್ಕೆ ನೀವು ಸೇರಿಸಬೇಕಾದದ್ದು ಇಕ್ಕಳ, ಬ್ಲೇಡ್, ಗಾಳಿ ನೋಡುವ ಗೇಜ್, ಹಳೇ ಬಟ್ಟೆ, ಒಂದು ತುಂಡು ಚಾಕ್. ಆಮೇಲೆ ಪಂಪ್. ಪಂಪ್ ಇಲ್ಲದ ಕಿಟ್ ಅಂದರೆ ಬೆಂಕಿಪೆಟ್ಟಿಗೆ ಇಲ್ಲದ ಒಲೆ.

ಬತ್ತಿ, ಸಲ್ಯೂಷನ್ ಎರಡೂ ವರ್ಷಕ್ಕೊಮ್ಮೆ ಬದಲಿಸಿ. ಸೀಟಿನ ಅಡಿಯ ಬಿಸಿಗೆ ಬತ್ತಿ ಗಟ್ಟಿಯಾಗುತ್ತದೆ, ಒಮ್ಮೆ ಬಾಯಿ ಒಡೆದ ಸಲ್ಯೂಷನ್ ಎಷ್ಟು ಬಿಗಿದು ಮುಚ್ಚಿದರೂ ಆರುತ್ತದೆ. ಬತ್ತಿ ಬೆರಳಿಗೆ ಅಂಟಬೇಕು. ಅಂಟಲಿಲ್ಲವೋ, ಎಸೆಯಿರಿ.

ಸರಿ, ರಿಪೇರಿ ಹೇಗೆ ಮಾಡುವುದು? ಬಿಡಿಸಿ ಹೇಳಿ.

ಮೊದಲು ಚಕ್ರವನ್ನು ಮೊಳೆ ಕೈಗೆ ಸಿಗುವ ಜಾಗಕ್ಕೆ ತನ್ನಿ. ಡಬಲ್ ಸ್ಟ್ಯಾಂಡ್ ಇದ್ದರೆ ನ್ಯೂಟ್ರಲ್‌ಗೆ ಹಾಕಿ ಕೈಯಲ್ಲೇ ತಿರುಗಿಸಿ. ಈಗಿನ ಬಹಳ ಬೈಕುಗಳಲ್ಲಿ ಡಬಲ್ ಸ್ಟ್ಯಾಂಡೇ ಇಲ್ಲ, ಹಾಗಿದ್ದರೆ ಗಾಡಿಯನ್ನು ಮುಂದಕ್ಕೆ ಒಂದಿಷ್ಟು ತಳ್ಳಿ ಮೊಳೆ ಹಿಂಬದಿಗೆ, ನಿಮ್ಮ ಎದೆಯ ನೇರಕ್ಕೆ ಬರುವ ಹಾಗೆ ಮಾಡಿ. ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ಚಕ್ರ ತಿರುಗಿಸುವ ಬುದ್ಧಿವಂತಿಕೆ ಮಾತ್ರ ಬೇಡ. ಚೈನಿಗೆ ಬೆರಳು ಕೊಟ್ಟವರನ್ನು ನೋಡಿದ್ದೇನೆ.

ಮೊಳೆಯ ಸುತ್ತ ಚಾಕಿನಲ್ಲಿ ಗುರುತು ಹಾಕಿ. ಅದು ಯಾವ ಕಡೆಗೆ ವಾಲಿಕೊಂಡು ಹೋಗಿದೆ ಅಂತ ಸರಿಯಾಗಿ ನೋಡಿಕೊಳ್ಳಿ, ಯಾಕೆಂದರೆ ರೀಮರ್ ಕೂಡ ಅದೇ ದಾರಿಯಲ್ಲಿ ಹೋಗಬೇಕು. ಓರೆಯಾಗಿ ಚುಚ್ಚಿದ ಮೊಳೆಯ ತೂತಿಗೆ ರೀಮರನ್ನು ನೇರ ಒತ್ತಿದರೆ ಒಳಗಿನ ದಾರಗಳನ್ನು ಕತ್ತರಿಸಿಕೊಂಡು ಇನ್ನೊಂದು ತೂತು ಮಾಡುತ್ತೀರಿ. ಬತ್ತಿ ಹಾಕಿದ ಮೇಲೂ ಗಾಳಿ ಹೋಗುತ್ತದೆ ಎಂದು ದೂರುವವರ ಪೈಕಿ ಎಷ್ಟೋ ಜನ ಇಲ್ಲೇ ಎಡವಿರುತ್ತಾರೆ.

ಈಗ ಬತ್ತಿಯನ್ನು ಸೂಜಿಯ ಕಣ್ಣಿಗೆ ಪೋಣಿಸಿ, ಎರಡೂ ತುದಿ ಸಮ ಬರುವ ಹಾಗೆ. ಕಣ್ಣು ಸಣ್ಣದು, ಬತ್ತಿ ದಪ್ಪ. ತುದಿಯನ್ನು ಚಪ್ಪಟೆ ಮಾಡಿ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಸಲ್ಯೂಷನ್ ಸವರಿ ಪಕ್ಕಕ್ಕಿಡಿ, ಮಣ್ಣು ತಾಗದಂತೆ. ಹತ್ತಿರ ಬೀಡಿ ಸಿಗರೇಟು ಬೇಡ, ಸಲ್ಯೂಷನ್ ಪೆಟ್ರೋಲಿನ ಹಾಗೇ ಹತ್ತಿಕೊಳ್ಳುತ್ತದೆ.

ಈಗ ಮೊಳೆ ಕೀಳಿ. ತಕ್ಷಣ ರೀಮರ್ ಹಾಕಿ, ತಿರುಗಿಸುತ್ತಾ ಒತ್ತಿ, ಒಳಗೆ ಹೋದ ಮೇಲೆ ಹತ್ತು ಹನ್ನೆರಡು ಸಲ ಹಿಂದೆ ಮುಂದೆ ಆಡಿಸಿ. ಮೊದಲ ಸಲ ಮಾಡುವವರಿಗೆ ಇಲ್ಲೇ ಕೈ ನಡುಗುತ್ತದೆ. ಇದ್ದ ತೂತನ್ನು ನಾವೇ ದೊಡ್ಡದು ಮಾಡುತ್ತಿದ್ದೇವಲ್ಲ ಅನ್ನಿಸುತ್ತದೆ. ಹೌದು, ದೊಡ್ಡದು ಮಾಡಲೇಬೇಕು. ಒಳಗಿನ ಗೋಡೆ ಒರಟಾಗದಿದ್ದರೆ ಬತ್ತಿ ಕಚ್ಚುವುದಿಲ್ಲ. ರೀಮರನ್ನು ಒಳಗೇ ಬಿಟ್ಟು ಉಸಿರು ತೆಗೆದುಕೊಳ್ಳಿ, ಅವಸರ ಇಲ್ಲ, ಅದೂ ಬಿರಡೆಯ ಕೆಲಸವನ್ನೇ ಮಾಡುತ್ತಿರುತ್ತದೆ.

ರೀಮರ್ ಹೊರಗೆ, ಸೂಜಿ ಒಳಗೆ. ಇದಕ್ಕೆ ಜೋರು ಬೇಕು. ಮೈಭಾರ ಹಾಕಿ, ರೀಮರ್ ಹೋದ ದಾರಿಯಲ್ಲೇ ಒತ್ತಿ. ಒಮ್ಮೆಗೇ ಪಚಕ್ಕೆಂದು ಒಳಗೆ ಹೋಗುತ್ತದೆ, ಪೂರ್ತಿ ನುಂಗಲು ಬಿಡಬೇಡಿ. ಬತ್ತಿಯ ಎರಡು ಬಾಲ ಒಂದೊಂದು ಬೆರಳಿನ ಅಗಲದಷ್ಟು ಹೊರಗೆ ಉಳಿಯಲಿ. ಈಗ ಸೂಜಿಯನ್ನು ತಿರುಚದೆ, ನೇರಕ್ಕೆ, ಒಂದೇ ಎಳೆತಕ್ಕೆ ಕಿತ್ತು ತೆಗೆಯಿರಿ. ನಿಧಾನಕ್ಕೆ ಎಳೆದರೆ ಬತ್ತಿಯೂ ಸೂಜಿಯ ಜೊತೆ ಎದ್ದು ಬರುತ್ತದೆ. ರಪ್ಪನೆ ಎಳೆದರೆ ಸೂಜಿಯ ಕಣ್ಣಿನ ಬಾಯಿಂದ ಬತ್ತಿ ಜಾರಿ, ಒಳಗಡೆ ಗಂಟಿನ ಹಾಗೆ ಮಡಚಿಕೊಂಡು ಕೂರುತ್ತದೆ. ಬಾಲವನ್ನು ಎಳೆಯದೆ ಕತ್ತರಿಸಿ, ಮೂರು ನಾಲ್ಕು ಮಿಲಿಮೀಟರ್ ಬಿಟ್ಟು. ಉಳಿದದ್ದು ರಸ್ತೆಗೆ ಉಜ್ಜಿ ತಾನೇ ಸಮ ಆಗುತ್ತದೆ. ಕೆಲವರು ಲೈಟರ್ ಹಿಡಿದು ಸುಡುತ್ತಾರೆ, ಅದೆಲ್ಲ ಸುಮ್ನೆ.

ಗಾಳಿ ತುಂಬಿ, ಬತ್ತಿಯ ಮೇಲೆ ಎಂಜಲು ಹಚ್ಚಿ ನೋಡಿ. ಗುಳ್ಳೆ ಏಳದಿದ್ದರೆ ಮುಗಿಯಿತು.

ಬತ್ತಿ ಪೂರ್ತಿ ಒಳಗೇ ಹೋಯಿತು. ಈಗ?

ಏನೂ ಆಗುವುದಿಲ್ಲ. ಒಳಗೆ ಬಿದ್ದಿರಲಿ, ಇನ್ನೊಂದು ಹಾಕಿ. ಒಂದು ಹಾಕಿದ ಮೇಲೂ ಸಣ್ಣಗೆ ಗುಳ್ಳೆ ಬರುತ್ತಿದ್ದರೆ ಅದೇ ತೂತಿಗೆ ಎರಡನೆಯದನ್ನೂ ತುರುಕಬಹುದು. ಮೂರನೆಯದಕ್ಕೆ ಹೋಗಬೇಡಿ. ಮೂರು ಬತ್ತಿ ಹಿಡಿಯುವ ತೂತಿಗೆ ಟಯರ್ ಬದಲಿಸುವುದೇ ದಾರಿ.

ಯಾವ ಪಂಕ್ಚರಿಗೆ ಬತ್ತಿ ಹಾಕಲೇಬಾರದು?

ಟಯರಿನ ಪಕ್ಕದ ಗೋಡೆಗೆ ಆದದ್ದಕ್ಕೆ. ಚಕ್ರ ಉರುಳುವಾಗ ಆ ಭಾಗ ಸುತ್ತಿಗೊಮ್ಮೆ ಬಾಗಿ ನೆಟ್ಟಗಾಗುತ್ತದೆ, ಬತ್ತಿ ಅಲ್ಲಿ ನಿಲ್ಲುವುದಿಲ್ಲ. ನಿಂತ ಹಾಗೆ ಕಂಡು ಇಳಿಜಾರಿನಲ್ಲಿ ಕೈ ಕೊಟ್ಟರೆ ಕಷ್ಟ. ನೆಲಕ್ಕೆ ತಾಗುವ ಭಾಗದ ತೂತಿಗೆ ಮಾತ್ರ ಬತ್ತಿ, ಅದೂ 6 ಮಿಲಿಮೀಟರಿನ ಒಳಗಿದ್ದರೆ. ಸೀಳಿದ್ದರೆ, ಗಾಜು ಕೊಯ್ದಿದ್ದರೆ, ಒಳಗಿನ ದಾರ ಕಾಣುತ್ತಿದ್ದರೆ ಬೇಡ. ಇಂಥ ಹೊತ್ತಿನಲ್ಲಿ ಟೆಂಪೋ ಕರೆಸುವುದೇ ಸರಿ. ಖರ್ಚು ನೋಡಬೇಡಿ.

ಗಾಳಿಗೆ ಏನು ಮಾಡುವುದು? ಸೈಕಲ್ ಪಂಪ್ ಸಾಕಾ?

ಸಾಕು, ತಾಳ್ಮೆ ಇದ್ದರೆ. ವಾಲ್ವ್ ಕೂರುವ ಹಾಗಿದ್ದರೆ ಆಯಿತು. ಹಿಂದಿನ ಟಯರನ್ನು ಪೂರ್ತಿ ಖಾಲಿಯಿಂದ ತುಂಬಿಸಲು ನನಗೆ 200ಕ್ಕೂ ಜಾಸ್ತಿ ಹೊಡೆತ ಬೇಕಾಯಿತು, ಮರುದಿನ ತೋಳು ಎತ್ತಲಾಗಲಿಲ್ಲ. 12 ವೋಲ್ಟಿನ ಸಣ್ಣ ಕಂಪ್ರೆಸರ್ ಆರಾಮ. ಬ್ಯಾಟರಿಗೆ ಕ್ಲಿಪ್ ಹಾಕಿ, ಎಂಜಿನ್ ಚಾಲೂ ಇಟ್ಟೇ ಬಳಸಿ, ಇಲ್ಲದಿದ್ದರೆ ಟಯರ್ ತುಂಬುವಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ. ಮೊಬೈಲ್ ಚಾರ್ಜ್ ಮಾಡುವ ಯುಎಸ್‌ಬಿ ಸಾಕೆಟ್ಟಿನಿಂದ ಅದು ಓಡುವುದಿಲ್ಲ, ಕೇಳುವವರು ತುಂಬಾ ಜನ ಇದ್ದಾರೆ. ಒಳಗೇ ಬ್ಯಾಟರಿ ಇರುವ ಕೈಪಂಪುಗಳೂ ಈಗ ಬಂದಿವೆ, ಒಳ್ಳೆಯವೇ, ಆದರೆ ಅದಕ್ಕೆ ಚಾರ್ಜ್ ಹಾಕಿಟ್ಟಿರಬೇಕಲ್ಲ.

ಎಷ್ಟು ಗಾಳಿ ಅನ್ನುವುದು ಚೈನ್ ಕವರಿನ ಮೇಲೋ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೋ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ನನ್ನ 150 ಸಿಸಿ ಬೈಕಿಗೆ ಮುಂದೆ 25, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 32 ಪಿಎಸ್‌ಐ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಅಂಕಿ ಅದು ತಡೆಯುವ ಗರಿಷ್ಠ, ಅಷ್ಟು ಹೊಡೆಯಲು ಅಲ್ಲ.

ಎಷ್ಟು ಹೊಡೆದರೂ ಟಯರ್ ಉಬ್ಬುತ್ತಲೇ ಇಲ್ಲ, ಪಕ್ಕದಿಂದ ಗಾಳಿ ಹೋಗುತ್ತಿದೆ.

ಗಾಳಿ ಇಲ್ಲದೆ ಓಡಿಸಿದ್ದೀರಿ, ಅಲ್ವಾ? ಟಯರಿನ ಅಂಚು ರಿಮ್ಮಿನಿಂದ ಕಳಚಿದೆ. ಸಣ್ಣ ಪಂಪಿನ ಗಾಳಿ ಅದನ್ನು ವಾಪಸ್ ಕೂರಿಸಲಾರದು. ಒಂದು ಉಪಾಯ ಇದೆ. ಅಂಚಿಗೆ ಸುತ್ತಲೂ ಸೋಪಿನ ನೀರು ಹಚ್ಚಿ. ಟಯರಿನ ನಡು ಸುತ್ತಿಗೆ ಹಗ್ಗವೋ ಹಳೇ ಲುಂಗಿಯೋ ಕಟ್ಟಿ, ಗಂಟಿಗೆ ಒಂದು ಕೋಲು ಸಿಕ್ಕಿಸಿ ತಿರುಚುತ್ತಾ ಬಿಗಿ ಮಾಡಿ. ನಡು ಒತ್ತಿದಾಗ ಅಂಚು ಎರಡೂ ಕಡೆ ಹೊರಕ್ಕೆ ಹೋಗಿ ರಿಮ್ಮಿಗೆ ತಾಗುತ್ತದೆ. ಆಗ ಗಾಳಿ ಹೊಡೆಯಿರಿ. ಹಿಡಿಯಲು ಶುರುವಾದ ಕೂಡಲೇ ಹಗ್ಗ ಸಡಿಲಿಸಿ. ಟಪ್ ಎಂದು ಸದ್ದು ಬಂದರೆ ಕೂತಿತು. ಹಿಂದಿನ ಚಕ್ರಕ್ಕೆ ಹಗ್ಗ ತೂರಿಸಲು ಸ್ವಿಂಗ್ ಆರ್ಮ್, ಸೀರೆ ಗಾರ್ಡ್ ಎಲ್ಲ ಅಡ್ಡ ಬರುತ್ತವೆ, ಬೈಗುಳ ಬಾಯಿಗೆ ಬರುತ್ತದೆ, ಆದರೂ ನನಗೆ ಎರಡರಲ್ಲಿ ಒಂದು ಸಲ ಫಲಿಸಿದೆ.

ಮೊಳೆ ಎಲ್ಲೂ ಇಲ್ಲ. ದಿನಾ ಬೆಳಿಗ್ಗೆ ಗಾಳಿ ಕಮ್ಮಿ ಇರುತ್ತದೆ. ಯಾಕೆ?

ಮೊದಲು ವಾಲ್ವಿನ ಬಾಯಿಗೆ ಎಂಜಲು ಹಚ್ಚಿ. ಗುಳ್ಳೆ ಬಂದರೆ ಒಳಗಿನ ಪಿನ್ ಸಡಿಲ ಅಥವಾ ಹಾಳು, ಹತ್ತಿಪ್ಪತ್ತು ರೂಪಾಯಿಯ ಕೆಲಸ. ವಾಲ್ವನ್ನು ಬೆರಳಿನಿಂದ ಬಗ್ಗಿಸಿ ನೋಡಿ, ರಬ್ಬರಿನ ಬುಡ ಬಿರಿದಿದ್ದರೆ ಅಲ್ಲಿಂದಲೂ ಹೋಗುತ್ತದೆ. ಆಮೇಲೆ ರಿಮ್ ಅಂಚು. ಹೊಂಡಕ್ಕೆ ಬಿದ್ದು ರಿಮ್ ಸ್ವಲ್ಪ ಬಾಗಿದರೂ ಸಾಕು.

ಕಾರವಾರ, ಅಂಕೋಲಾ, ಗೋಕರ್ಣ ಕಡೆಯವರಿಗೆ ಇನ್ನೊಂದು ಕಾರಣ ಉಂಟು. ಸಮುದ್ರದ ಉಪ್ಪು ಗಾಳಿಗೆ ಅಲಾಯ್ ರಿಮ್ಮಿನ ಒಳ ಅಂಚಿನಲ್ಲಿ ಬಿಳಿ ಪುಡಿ ಹಿಡಿಯುತ್ತದೆ, ಪೇಂಟ್ ಏಳುತ್ತದೆ, ಟಯರ್ ಸರಿಯಾಗಿ ಕಚ್ಚುವುದಿಲ್ಲ. ಬೀಚಿನ ಮರಳಿನಲ್ಲಿ ಬೈಕ್ ಓಡಿಸಿ ವಿಡಿಯೋ ಮಾಡುವವರಿಗೆ ಇದು ಬೇಗ ಬರುತ್ತದೆ. ಟಯರ್ ಬಿಚ್ಚಿಸಿ ಅಂಚನ್ನು ಸಣ್ಣ ಪಾಲಿಶ್ ಪೇಪರಿನಲ್ಲಿ ಉಜ್ಜಿಸಬೇಕು, ಬೇರೆ ದಾರಿ ಇಲ್ಲ.

ಮಳೆ ಹೊಯ್ಯುತ್ತಿರುವಾಗ ಬತ್ತಿ ಹಿಡಿಯುತ್ತದಾ?

ಹಿಡಿಯುತ್ತದೆ, ತೂತಿನ ಸುತ್ತ ಬಟ್ಟೆಯಲ್ಲಿ ಒರೆಸಿಕೊಂಡರೆ. ಸಲ್ಯೂಷನ್ ಸವರಿದ ಬತ್ತಿಗೆ ನೀರು ತಾಗದ ಹಾಗೆ ಒಬ್ಬರು ಕೊಡೆ ಹಿಡಿದರೆ ಒಳ್ಳೆಯದು. ಒಬ್ಬರೇ ಇದ್ದರೆ ರೇನ್‌ಕೋಟನ್ನು ಬೆನ್ನಿನಿಂದ ಮುಂದಕ್ಕೆ ಎಳೆದುಕೊಂಡು ಅದರ ಅಡಿ ಮಾಡಿ. ನಾನಂತೂ ಹಾಗೇ ಮಾಡುವುದು.

ಉಂಬಳದ (ಕಾಡಿನ ಜಿಗಣೆ) ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಘಟ್ಟದಲ್ಲಿ ಮಳೆಗಾಲದಲ್ಲಿ ಹುಲ್ಲಿನ ಪಕ್ಕ ಹತ್ತು ನಿಮಿಷ ಕೂತರೆ ಕಾಲು ಹತ್ತುತ್ತದೆ. ಸೂಜಿ ಒತ್ತುವ ಹೊತ್ತಿಗೆ ಸರಿಯಾಗಿ ಕಾಲ್ಬೆರಳ ಸಂದಿಯಲ್ಲಿ ತಣ್ಣಗೆ ಏನೋ ಹರಿದ ಹಾಗಾಗುತ್ತದೆ. ಡಾಂಬರಿನ ಮೇಲೆಯೇ ಕೂರಿ, ಕಿಟ್ಟಿನಲ್ಲಿ ಒಂದು ಚಿಟಿಕೆ ಉಪ್ಪು ಕಟ್ಟಿಟ್ಟಿರಿ.

ಮಳೆಗಾಲದಲ್ಲೇ ಪಂಕ್ಚರ್ ಜಾಸ್ತಿ ಯಾಕೆ?

ರಬ್ಬರು ಒದ್ದೆಯಾದರೆ ಚೂಪಾದದ್ದು ಸುಲಭಕ್ಕೆ ಹೋಗುತ್ತದೆ, ನೀರು ಎಣ್ಣೆಯ ಹಾಗೆ ಕೆಲಸ ಮಾಡುತ್ತದೆ. ಜೊತೆಗೆ ಗಟಾರದಲ್ಲಿ ಬಿದ್ದದ್ದೆಲ್ಲ ಹರಿದು ರಸ್ತೆಗೆ ಬರುತ್ತದೆ. ಹೆದ್ದಾರಿ ಕೆಲಸ ನಡೆದ ಕಡೆ ಬೈಂಡಿಂಗ್ ವಾಯರಿನ ತುಂಡು, ಊರೊಳಗೆ ಚಪ್ಪರ ಬಿಚ್ಚಿದ ಮೊಳೆ. ಹಿಂದಿನ ಚಕ್ರಕ್ಕೇ ಯಾಕೆ ಚುಚ್ಚುತ್ತದೆ ಅಂದರೆ, ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸಿ ನಿಲ್ಲಿಸಿ ಹೋಗುತ್ತದೆ, ಹಿಂದಿನದು ಅದರ ಮೇಲೆ ಹತ್ತುತ್ತದೆ.

ಟಯರಿನೊಳಗೆ ಹಾಕುವ ಜೆಲ್ ಒಳ್ಳೆಯದಾ?

ಸಣ್ಣ ಮೊಳೆಯ ತೂತನ್ನು ಅದು ತಾನೇ ಮುಚ್ಚುತ್ತದೆ, ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಪಂಕ್ಚರ್ ಆಗಿದೆ ಅನ್ನುವುದೇ ಗೊತ್ತಾಗದೆ ಮೊಳೆ ಇಟ್ಟುಕೊಂಡೇ ತಿಂಗಳುಗಟ್ಟಲೆ ಓಡಿಸುತ್ತೀರಿ. ಒಳಗೆ ಪ್ಯಾಚ್ ಹಾಕಿಸಲು ಹೋದರೆ ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಅದನ್ನು ತೊಳೆದು ಒರೆಸದೆ ಪ್ಯಾಚ್ ಅಂಟುವುದಿಲ್ಲ. ನಾನು ಹಾಕಿಸಿಲ್ಲ. ಅಮ್ಮ ಓಡಿಸುವ ಸ್ಕೂಟಿಗೆ ಮಾತ್ರ ಹಾಕಿಸಿದ್ದೇನೆ.

ಬತ್ತಿ ಹಾಕಿದ ಮೇಲೆ ಎಷ್ಟು ದಿನ ಓಡಿಸಬಹುದು?

ಮೊದಲ ಹತ್ತು ಕಿಲೋಮೀಟರ್ 40ರ ಮೇಲೆ ಹೋಗಬೇಡಿ, ನಿಲ್ಲಿಸಿ ಮತ್ತೆ ಗಾಳಿ ನೋಡಿ. ಟಯರ್ ಸವೆಯುವ ತನಕ ಅದೇ ಬತ್ತಿಯಲ್ಲಿ ಓಡಿಸಿದವರು ಬೇಕಾದಷ್ಟು ಮಂದಿ ಇದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ಹುಬ್ಬಳ್ಳಿ, ಮಂಗಳೂರು ಅಂತ ದೂರ, ಜೋರಾಗಿ ಹೋಗುವವರು ಟಯರ್ ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಿ. ಬಿಚ್ಚಿದಾಗ ಒಳಗೂ ನೋಡಲು ಹೇಳಿ. ಗಾಳಿ ಇಲ್ಲದೆ ಓಡಿಸಿದ ಟಯರ್ ಹೊರಗೆ ಚೆಂದ ಕಂಡರೂ ಒಳಗೆ ಪಕ್ಕದ ಗೋಡೆ ಉಜ್ಜಿ ಕಪ್ಪು ಪುಡಿ ಉದುರಿರುತ್ತದೆ. ಅಂಥದ್ದನ್ನು ಬಳಸಬೇಡಿ.

ಶಿರಸಿಯಲ್ಲಿ ಸರಿಯಾಗಿದ್ದ ಗಾಳಿ ಕುಮಟಾದಲ್ಲಿ ಕಮ್ಮಿ ತೋರಿಸುತ್ತದೆ. ಸೋರುತ್ತಿದೆಯಾ?

ಸೋರಬೇಕೆಂದೇನಿಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಕೆಳಗೆ ಇಳಿದಾಗ ಹೊರಗಿನ ಗಾಳಿಯ ಒತ್ತಡವೇ ಜಾಸ್ತಿ, ಗೇಜ್ ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ. ಅದರಿಂದ ಒಂದು ಪಿಎಸ್‌ಐ ಹತ್ತಿರ ಕಮ್ಮಿ ಕಾಣಬಹುದು. ಕರಾವಳಿಯ ಸೆಕೆಗೆ, ಓಡಿ ಬಿಸಿಯಾದ ಟಯರಿಗೆ ಒಂದೆರಡು ಏರುವುದೂ ಉಂಟು. ಹಾಗಾಗಿ ಬೆಳಿಗ್ಗೆ ತಣ್ಣಗಿದ್ದಾಗ ನೋಡಿದ್ದೇ ಲೆಕ್ಕ. ಮೂರು ನಾಲ್ಕು ಇಳಿದರೆ ಮಾತ್ರ ಎಂಜಲು ಹಚ್ಚಲು ಹೊರಡಿ.

ಕಿತ್ತ ಮೊಳೆ ಏನು ಮಾಡಲಿ?

ಜೇಬಿಗೆ ಹಾಕಿ. ಪಕ್ಕಕ್ಕೆ ಎಸೆದರೆ ಮುಂದಿನ ಮಳೆಗೆ ಅದು ವಾಪಸ್ ರಸ್ತೆಗೇ ಬರುತ್ತದೆ. ನನ್ನ ಕಿಟ್ಟಿನ ಡಬ್ಬಿಯಲ್ಲಿ ಈಗ 7 ಮೊಳೆ, ಎರಡು ಸ್ಕ್ರೂ, ಒಂದು ಮುರಿದ ಗರಗಸದ ಹಲ್ಲು ಇದೆ. ಘಟ್ಟದಲ್ಲಿ ಕಿತ್ತ ಆ ಅಗಲ ತಲೆಯದ್ದೂ ಅದರಲ್ಲೇ ಇದೆ.